ಕ್ಷೌರಿಕರ ಸೋಮವಾರ

“ಸೋಮವಾರ ಅಂಗಡಿ ತೆಗೆದ್ರೆ ಆಕಾಶ ಏನೂ ಕಳಚಿ ಬೀಳಲ್ಲ, ಅಪ್ಪ,” ಎಂದ ಹೈಸಮ್.

“ಶ್...” ಎಂದರು ಮೂವರೂ ಒಂದೇ ಸಲಕ್ಕೆ.

ಟೇಪಿನಲ್ಲಿ ಗಾಯಕಿ ಬದ್ರಿಯಾ ಒಂದೇ ಸಾಲನ್ನು ಆರನೆಯ ಬಾರಿ ಕೈಗೆತ್ತಿಕೊಂಡಿದ್ದಳು. ಅದು ಏರಿ, ಬಳುಕಿ, ಎಲ್ಲೆಲ್ಲೋ ಸುತ್ತಾಡಿ, ಮತ್ತೆ ಇಳಿದು ದಡ ಮುಟ್ಟುವ ತನಕ ಬಯೂಮಿಯ ಬಾಲ್ಕನಿಯಲ್ಲಿ ಕೆಮ್ಮು ಬಂದವನೂ ನುಂಗಿಕೊಳ್ಳಬೇಕು. ಬಯೂಮಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು ಕೂತಿದ್ದ. ಅವನ ಹಿಂದೆ ಜೆನ್ಹುಮ್ ಕತ್ತರಿಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದ. ಬೆತ್ತದ ಕುರ್ಚಿಯಲ್ಲಿ ಲಬೀಬ್ ಕಣ್ಣು ಮುಚ್ಚಿದ್ದ. ಸಾಲು ಮುಗಿಯಿತು. “ಅಲ್ಲಾಹ್!” ಎಂದು ಮೂವರೂ ಉಸಿರು ಬಿಟ್ಟರು. ಕತ್ತರಿ ಮತ್ತೆ ಚಿಕಿಚಿಕಿ ಎನ್ನತೊಡಗಿತು.

“ಈಗ ಹೇಳು,” ಎಂದ ಬಯೂಮಿ ಮಗನಿಗೆ. “ಏನು ಕಳಚಿ ಬೀಳಲ್ಲ?”

ಊರಿಗೆಲ್ಲ ಶುಕ್ರವಾರ ರಜೆ. ಊರಿಗೆ ರಜೆ ಇದ್ದ ದಿನ ಊರಿನ ತಲೆಗಳೆಲ್ಲ ಕ್ಷೌರಿಕರ ಕೈಯಲ್ಲಿ. ಅದಕ್ಕೇ ಕೈರೋದ ಕ್ಷೌರಿಕರಿಗೆ ರಜೆ ಸೋಮವಾರ. ನಮ್ಮ ಶುಬ್ರಾ ಬಡಾವಣೆಯಲ್ಲಿ ಅದನ್ನು ಮುರಿದವರಿಲ್ಲ. ಬಯೂಮಿ, ಟ್ರಾಮ್ ನಿಲ್ದಾಣದ ಹತ್ತಿರದ ಜೆನ್ಹುಮ್, ಚರ್ಚಿನ ಪಕ್ಕದ ಲಬೀಬ್ ಮೂವರೂ ಕಸುಬಿನಲ್ಲಿ ಪಳಗಿದವರು. ಗಲ್ಲಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲ ಅವರನ್ನು ‘ಉಸ್ತಾ’ ಎಂದೇ ಕರೆಯುವುದು. ಎಂಥ ಉಸ್ತಾ ಆದರೂ ತನ್ನ ತಲೆಯ ಹಿಂಬದಿಯನ್ನು ತಾನೇ ಕತ್ತರಿಸಿಕೊಳ್ಳಲಾರ. ಹಾಗಾಗಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂವರೂ ಈ ಬಾಲ್ಕನಿಗೆ ಬಂದು, ಒಬ್ಬರ ತಲೆ ಒಬ್ಬರು ಮಾಡಿಕೊಂಡು, ಒಂದು ಗಂಟೆಯ ಹಾಡನ್ನು ಒಂದು ಗಂಟೆಯೂ ಕೇಳಿ, ಊಟ ಮಾಡಿ ಹೋಗುವುದು ರೂಢಿ. ಬಯೂಮಿಯ ಮದುವೆಗೆ ಎಷ್ಟು ವಯಸ್ಸೋ ಈ ರೂಢಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇಪ್ಪತ್ಮೂರು ವರ್ಷ.

“ನನ್ನ ಮಾವ ಆಗೋರು ಕೇಳ್ತಾರೆ, ಮದುವೆ ಯಾವಾಗ, ಮನೆ ಎಲ್ಲಿ ಅಂತ,” ಎಂದ ಹೈಸಮ್. “ಸೋಮವಾರಾನೂ ತೆಗೆದ್ರೆ ತಿಂಗಳಿಗೆ ನಾಲ್ಕು ದಿನ ಹೆಚ್ಚಾಗುತ್ತೆ. ಬೇರೆ ಅಂಗಡಿಗಳೆಲ್ಲ ಮುಚ್ಚಿರುತ್ವೆ. ಗಿರಾಕಿಗಳೆಲ್ಲ ನಮ್ಮ ಹತ್ರಾನೇ.”

“ಬೇರೆ ಅಂಗಡಿ ಅಂದ್ರೆ ನಮ್ಮಿಬ್ರದ್ದು,” ಎಂದ ಲಬೀಬ್ ಕಣ್ಣು ತೆರೆಯದೆ. “ನಮ್ಮೆದುರಿಗೇ ಹೇಳ್ತಾನೆ ನೋಡು. ಧೈರ್ಯ ಮೆಚ್ಬೇಕು.”

“ಮೆಚ್ಚೋದೇನು ಬಂತು. ತಲೆ ಅಲ್ಲಾಡಿಸ್ಬೇಡ ಬಯೂಮಿ, ಕಿವಿ ಹೋಗುತ್ತೆ,” ಎಂದ ಜೆನ್ಹುಮ್.

ಅಷ್ಟರಲ್ಲಿ ಹಿಕ್ಮತ್ ಚಹಾದ ತಟ್ಟೆ ಹಿಡಿದು ಬಂದಳು. ಬೆಳಗಿನಿಂದ ಅದು ನಾಲ್ಕನೆಯ ಸರದಿ. ಭಾನುವಾರ ಸಂಜೆಯೇ ಅವಳು ಎಲೆಕೋಸಿನ ಎಲೆ ಬಿಡಿಸಿ ಬಾಡಿಸಿಟ್ಟಿದ್ದಳು. ಬೆಳಿಗ್ಗೆ ಆರಕ್ಕೆ ಎದ್ದು ಒಂದೊಂದು ಎಲೆಯಲ್ಲೂ ಅಕ್ಕಿ, ಟೊಮೆಟೊ, ಸೊಪ್ಪು ತುಂಬಿ ಕಿರುಬೆರಳಿನ ಗಾತ್ರಕ್ಕೆ ಸುತ್ತಿದ್ದಳು. ನೂರಿಪ್ಪತ್ತು ಸುರುಳಿ. ಲಬೀಬನಿಗೆ ಅದೆಂದರೆ ಪ್ರಾಣ, ಒಬ್ಬನೇ ನಲವತ್ತು ತಿನ್ನುತ್ತಾನೆ. ಊಟವಾದ ಮೇಲೆ ಬಾಲ್ಕನಿಯ ಕೂದಲು ಗುಡಿಸಬೇಕು, ಬೋಗುಣಿ ತೊಳೆಯಬೇಕು, ಮೂರು ಬಿಳಿ ಬಟ್ಟೆ ಒಗೆಯಬೇಕು.

“ಕೇಳಿದ್ಯಾ ನಿನ್ನ ಮಗನ ಮಾತು?” ಎಂದ ಬಯೂಮಿ. “ಸೋಮವಾರ ಅಂಗಡಿ ತೆಗೀಬೇಕಂತೆ.”

ಹಿಕ್ಮತ್ ಖಾಲಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿಕೊಂಡಳು. “ತೆಗೀಲಿ ಬಿಡಿ,” ಎಂದಳು.

ಜೆನ್ಹುಮ್‌ನ ಕತ್ತರಿ ಎರಡನೆಯ ಸಲ ಗಾಳಿಯಲ್ಲಿ ನಿಂತಿತು. ಈ ಸಲ ಹಾಡಿಗಾಗಿ ಅಲ್ಲ.

“ಏನಂದೆ?”

“ತೆಗೀಲಿ ಅಂದೆ. ಹುಡುಗ ಹೇಳೋದ್ರಲ್ಲಿ ತಪ್ಪೇನಿದೆ?” ಎಂದವಳೇ ಒಳಗೆ ಹೋದಳು. ಎಲೆಕೋಸಿನ ಪಾತ್ರೆಯ ಮುಚ್ಚಳ ತೆಗೆದು ಮುಚ್ಚಿದ ಸದ್ದು ಬಾಲ್ಕನಿಯವರೆಗೂ ಕೇಳಿತು.

*

ಮುಂದಿನ ಸೋಮವಾರ ಅಂಗಡಿ ತೆರೆಯಿತು. “ಬಾಗಿಲ ಮೇಲೆ ಇರೋದು ನನ್ನ ಹೆಸರು. ಅದು ತೆಗೆದಿರೋವಾಗ ನಾನು ಮೇಲೆ ಕಾಲು ನೆನೆಸ್ಕೊಂಡು ಕೂತಿರೋಕಾಗುತ್ತಾ?” ಎಂದು ಗೊಣಗುತ್ತ ಬಯೂಮಿಯೂ ಮೆಟ್ಟಿಲಿಳಿದ. ಅಂಗಡಿ ಇರುವುದು ಮನೆಯ ನೇರ ಕೆಳಗೆ, ಬಾಲ್ಕನಿಯ ನೆರಳಲ್ಲಿ.

ಹತ್ತಕ್ಕೆ ಸರಿಯಾಗಿ ಜೆನ್ಹುಮ್ ಮತ್ತು ಲಬೀಬ್ ತಮ್ಮ ಕತ್ತರಿಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದರು. ಬಾಗಿಲು ತೆರೆದಿದೆ, ಕುರ್ಚಿಯಲ್ಲಿ ಗಿರಾಕಿ ಇದ್ದಾನೆ, ಬಯೂಮಿಯ ಕೈಯಲ್ಲಿ ಬ್ರಷ್ಷು ಇದೆ.

“ಓಹೋ,” ಎಂದ ಜೆನ್ಹುಮ್. “ನಾನೆಲ್ಲೋ ಮಗ ತಮಾಷೆ ಮಾಡ್ತಿದಾನೆ ಅಂದ್ಕೊಂಡಿದ್ದೆ.”

“ಒಳಗೆ ಬನ್ರೋ, ಕೂತ್ಕೊಳ್ಳಿ,” ಎಂದ ಬಯೂಮಿ, ಕನ್ನಡಿಯತ್ತಲೇ ನೋಡುತ್ತ.

“ಸರದಿ ಹಿಡೀಬೇಕಾ? ದುಡ್ಡು ಕೊಡ್ಬೇಕಾ?” ಎಂದ ಲಬೀಬ್. “ಬಾರೋ ಜೆನ್ಹುಮ್. ಇಲ್ಲಿ ಗಿರಾಕಿಗಳು ಕೂರೋ ಜಾಗ.”

ಮಧ್ಯಾಹ್ನ ತಂದೆ ಮಗ ಇಬ್ಬರೂ ಹಸಿದು ಮೇಲೆ ಬಂದರೆ ಮೇಜಿನ ಮೇಲೆ ಬೇಯಿಸಿದ ಫೂಲ್ ಕಾಳು, ಸೀಳಿದ ಈರುಳ್ಳಿ, ರೊಟ್ಟಿ.

“ಇದೇನಿದು? ಸೋಮವಾರದ ಊಟಾನಾ?”

“ಇವತ್ತು ಅಂಗಡಿ ದಿನ ಅಲ್ವಾ,” ಎಂದಳು ಹಿಕ್ಮತ್. “ಅಂಗಡಿ ದಿನ ಇದೇ ತಾನೆ ನಮ್ಮನೆ ಊಟ?”

ಕಿಟಕಿಯ ಬಳಿ ಕೂತಿದ್ದ ಅಜ್ಜಿ ತಫೀದಾ ನಕ್ಕಳು. ಬಯೂಮಿಯ ತಾಯಿ, ಎಂಬತ್ತರ ಹತ್ತಿರ. ಕಿವಿ ಮಂದ ಎನ್ನುತ್ತಾರೆ. ಆದರೆ ಅವಳಿಗೆ ಬೇಕಾದ್ದು ಯಾವುದೂ ಈವರೆಗೆ ಕೇಳದೇ ಹೋಗಿಲ್ಲ. “ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ನಿನ್ನ ಹೆಂಡ್ತಿ ಮಲಗಿದ್ಲು ಕಣೋ,” ಎಂದಳು. “ಸತ್ತಳೇನೋ ಅಂತ ನಾನು ಎರಡು ಸಲ ಮೂಗಿನ ಹತ್ರ ಕೈ ಇಟ್ಟು ನೋಡಿದೆ.”

“ಹುಷಾರಿಲ್ವಾ?” ಎಂದ ಬಯೂಮಿ ಗಾಬರಿಯಿಂದ.

“ಹುಷಾರಾಗೇ ಇದೀನಿ,” ಎಂದಳು ಹಿಕ್ಮತ್. “ಇಷ್ಟು ಹುಷಾರಾಗಿ ಎಷ್ಟೋ ವರ್ಷ ಆಗಿತ್ತು.”

*

ಎರಡನೆಯ ಸೋಮವಾರ ಅಂಗಡಿಯಲ್ಲಿ ಐದು ಜನ ಗಿರಾಕಿಗಳು. ಹೈಸಮ್ ಹಿರಿಹಿರಿ ಹಿಗ್ಗಿದ್ದ. ಬಯೂಮಿ ಶಾಲೆಯ ಗುಮಾಸ್ತನೊಬ್ಬನ ಗಲ್ಲಕ್ಕೆ ಸಾಬೂನು ಹಚ್ಚುತ್ತಿದ್ದ. ಆಗ ತಲೆಯ ಮೇಲಿಂದ ಸದ್ದು ಬಂತು.

ಮೊದಲು ಒಂದು ತಂತಿವಾದ್ಯ. ತೆಳುವಾಗಿ, ಚುರುಕಾಗಿ, ಯಾರೋ ಮೆಟ್ಟಿಲ ಮೇಲೆ ಓಡಿ ಓಡಿ ಹತ್ತಿ ಇಳಿದಂತೆ. ಆಮೇಲೆ ಹತ್ತಾರು ಗಂಡಸರ ಚಪ್ಪಾಳೆ, ಚಮಚದಲ್ಲಿ ಬಾಟಲಿ ಬಡಿದ ಸದ್ದು, ಉಪ್ಪುಗಾಳಿ ಕುಡಿದ ಗಂಟಲಿನ ಒಬ್ಬ ಹಾಡುಗಾರ. ಅವನು ಒಂದು ಸಾಲು ಎಸೆದರೆ ಉಳಿದವರೆಲ್ಲ ಅದನ್ನು ಹಿಡಿದು ಮತ್ತೆ ಅವನತ್ತ ಎಸೆಯುತ್ತಿದ್ದರು.

“ಇದು ಸಿಮ್ಸಿಮಿಯಾ ಅಲ್ವಾ?” ಎಂದ ಗುಮಾಸ್ತ, ಸಾಬೂನಿನ ನಡುವಿನಿಂದ. “ಪೋರ್ಟ್ ಸೈದ್ ಕಡೇದು. ಹಡಗಿನವರು ನುಡಿಸೋದು.”

“ಎದುರು ಮನೇದಿರ್ಬೇಕು,” ಎಂದ ಬಯೂಮಿ.

“ಎದುರು ಮನೇದಲ್ಲ ಉಸ್ತಾ,” ಎಂದು ಬಾಗಿಲಲ್ಲಿ ಇಸ್ತ್ರಿಯವನು ತಲೆ ಹಾಕಿದ. “ನಿಮ್ಮ ಬಾಲ್ಕನೀದೇ. ಚೆನ್ನಾಗಿದೆ. ನಿಮ್ಮ ಬದ್ರಿಯಾಗೆ ನನ್ನ ಇಸ್ತ್ರಿ ಪೆಟ್ಟಿಗೆ ನಿದ್ದೆ ಹೋಗ್ತಿತ್ತು. ಇದಕ್ಕೆ ಅಂಗಿಗಳು ತಾವಾಗೇ ಮಡಚ್ಕೋತಾ ಇವೆ.”

ಬಯೂಮಿ ಬ್ರಷ್ಷನ್ನು ಮಗನ ಕೈಗೆ ತುರುಕಿ ಮೆಟ್ಟಿಲು ಹತ್ತಿದ.

ಬಾಲ್ಕನಿಯಲ್ಲಿ ಹಿಕ್ಮತ್ ಅವನ ಕುರ್ಚಿಯಲ್ಲಿ ಕೂತಿದ್ದಳು. ಪಾದಗಳು ಅವನ ಬೋಗುಣಿಯಲ್ಲಿದ್ದವು. ಪಕ್ಕದಲ್ಲಿ ತಫೀದಾ ಊರುಗೋಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದಳು, ಒಂದು ಪೆಟ್ಟು ತಡವಾಗಿ. ಇಬ್ಬರ ನಡುವಿನ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್. ಅದನ್ನು ಬಯೂಮಿ ಬಿಟ್ಟರೆ ಮನೆಯಲ್ಲಿ ಇನ್ನಾರೂ ಮುಟ್ಟುವಂತಿರಲಿಲ್ಲ. ವಾರಕ್ಕೊಮ್ಮೆ ಅವನೇ ಅದರ ಹೊಟ್ಟೆಯನ್ನು ಕ್ಷೌರದ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದ.

“ಯಾರು ಹಾಕಿದ್ದು ಇದನ್ನ?”

“ನಾನು.”

“ಯಾವುದಿದು ಗಲಾಟೆ?”

“ನಮ್ಮಣ್ಣ ಜಕರಿಯಾ ಕೊಟ್ಟ ಟೇಪು. ನಮ್ಮೂರ ದಡದಲ್ಲಿ ಅವನ ಗೆಳೆಯನ ಮದುವೇಲಿ ತುಂಬಿಸ್ಕೊಂಡಿದ್ದು. ಹತ್ತೊಂಬತ್ತು ವರ್ಷದಿಂದ ಹೊಲಿಗೆ ಡಬ್ಬೀಲಿತ್ತು.”

“ಹತ್ತೊಂಬತ್ತು ವರ್ಷ ಒಂದು ಮಾತೂ ಹೇಳಿಲ್ವಲ್ಲ!”

“ಶ್...” ಎಂದಳು ಹಿಕ್ಮತ್. “ಸಾಲು ಮುಗೀಲಿ.”

ಬಯೂಮಿ ನಿಂತೇ ಇದ್ದ. ಬೇರೆ ದಾರಿಯಿರಲಿಲ್ಲ. ಸಾಲಿನ ನಡುವೆ ಮಾತಾಡಬಾರದು ಎನ್ನುವುದು ಅವನದೇ ಕಾನೂನು. ಸಾಲು ಮುಗಿಯಿತು, ಚಪ್ಪಾಳೆ ಎದ್ದಿತು.

“ಇದು ಸಂಗೀತ ಅಲ್ಲ ಕಣೇ. ಮೀನು ಮಾರೋ ಗದ್ದಲ. ಕೆಳಗೆ ಗಿರಾಕಿಗಳಿದಾರೆ. ನನ್ನ ಮರ್ಯಾದೆ ಏನಾಗ್ಬೇಕು?”

“ಮೀನು ಮಾರೋರ ಮಗಳನ್ನೇ ತಾನೆ ಮದುವೆ ಆಗಿದ್ದು?” ಎಂದಳು ಹಿಕ್ಮತ್. ದನಿ ಏರಿರಲಿಲ್ಲ. “ಗಿರಾಕಿ ಗಲ್ಲದ ಮೇಲೆ ಸಾಬೂನು ಒಣಗ್ತಿರುತ್ತೆ. ಹೋಗಿ.”

*

ಮೂರನೆಯ ಸೋಮವಾರ ಜೆನ್ಹುಮ್ ತನ್ನ ಅಂಗಡಿ ತೆರೆದ. ಲಬೀಬ್ ಕೂಡ ತೆರೆದ. ಚರ್ಚಿನ ಬೀದಿಯ ಇನ್ನಿಬ್ಬರು, ಮಾರುಕಟ್ಟೆಯ ಮೂವರು, ಎಲ್ಲರೂ ತೆರೆದರು. ಶುಬ್ರಾದಲ್ಲಿ ಸೋಮವಾರ ಕ್ಷೌರ ಸಿಗುತ್ತದೆ ಎಂದಾದ ಮೇಲೆ ಶುಕ್ರವಾರ ಸರದಿಯಲ್ಲಿ ಯಾಕೆ ನಿಲ್ಲಬೇಕು? ಶುಕ್ರವಾರ ಬರುತ್ತಿದ್ದವರು, ಗುರುವಾರ ಬರುತ್ತಿದ್ದವರು ಎಲ್ಲ ಏಳು ದಿನಕ್ಕೂ ಹಂಚಿಹೋದರು. ನಾಲ್ಕನೆಯ ವಾರ ಹೈಸಮ್ ಖಾಲಿ ಕುರ್ಚಿಯನ್ನು ಕಾಲಿನಿಂದ ತಿರುಗಿಸುತ್ತ ಕೂತಿದ್ದ.

“ಎಲ್ಲಿ ಹೋದ್ರು ನಿನ್ನ ಗಿರಾಕಿಗಳು?” ಎಂದ ಬಯೂಮಿ.

“ಬರ್ತಾರೆ.”

“ಎಲ್ಲಿಂದ ಬರ್ತಾರೆ? ಶುಬ್ರಾದಲ್ಲಿರೋ ತಲೆ ಅಷ್ಟೇ. ತಲೆ ಮೇಲೆ ಕೂದಲು ಬೆಳೆಯೋದೂ ಅಷ್ಟೇ. ನೀನು ಏಳು ದಿನ ಬಾಗಿಲು ತೆಗೆದೆ ಅಂತ ಅದೇನು ಓವರ್‌ಟೈಮ್ ಮಾಡುತ್ತಾ?”

ಅಂಗಡಿ ತೆರೆಯುವ ಗಡಿಬಿಡಿಯಲ್ಲಿ ಒಂದು ವಿಷಯವನ್ನು ಎಲ್ಲರೂ ಮರೆತಿದ್ದರು. ಕ್ಷೌರಿಕರ ಕ್ಷೌರ ನಿಂತುಹೋಗಿತ್ತು. ಬಯೂಮಿಯ ಕೂದಲು ಕಾಲರಿನ ಮೇಲೆ ಮಲಗಿತ್ತು. ಜೆನ್ಹುಮ್‌ನ ಮೀಸೆ ಚಹಾ ಕುಡಿಯುವಾಗ ಮೊದಲು ತಾನು ಕುಡಿಯುತ್ತಿತ್ತು. ಲಬೀಬ್ ಆತುರಕ್ಕೆ ತನ್ನ ತಲೆಯ ಹಿಂಬದಿಗೆ ತಾನೇ ಕತ್ತರಿ ಹಾಕಿಕೊಂಡು, ಅಲ್ಲಿ ಹಕ್ಕಿ ಕುಕ್ಕಿದ ಗದ್ದೆಯಂತೆ ಆಗಿ, ಬಿಸಿಲಲ್ಲೂ ಉಣ್ಣೆ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ.

ಬುಧವಾರ ಒಬ್ಬ ಹೊಸ ಗಿರಾಕಿ ಬಾಗಿಲಿಗೆ ಬಂದ. ಬಯೂಮಿಯ ತಲೆ ನೋಡಿದ, ಕನ್ನಡಿ ನೋಡಿದ, ಮತ್ತೆ ಬಯೂಮಿಯ ತಲೆ ನೋಡಿದ.

“ಬನ್ನಿ, ಕೂತ್ಕೊಳ್ಳಿ.”

“ಇಲ್ಲ ಉಸ್ತಾ, ಇನ್ನೊಂದಿನ ಬರ್ತೀನಿ. ನಿಮಗೇ ಇನ್ನೂ ಸರದಿ ಸಿಕ್ಕಿಲ್ಲ ಅಂತ ಕಾಣುತ್ತೆ.”

ಹೈಸಮ್ ನಗು ತಡೆಯಲಾರದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಟವೆಲ್ಲು ತೆಗೆದು, “ಸಾಕು ಅಪ್ಪ. ನಾನು ಸೋತೆ. ಮದುವೆ ದಿನ ನೀವು ಮೂರೂ ಜನ ಈ ತಲೆಗಳಲ್ಲಿ ಬಂದ್ರೆ ನಮ್ಮ ಮಾವ ಹುಡುಗೀನ ವಾಪಸ್ ಕರ್ಕೊಂಡು ಹೋಗ್ತಾರೆ,” ಎಂದ.

ಆ ಸಂಜೆ ಬಯೂಮಿ ಜೆನ್ಹುಮ್‌ನ ಅಂಗಡಿಗೆ ಹೋದ, ಅಲ್ಲಿಂದ ಇಬ್ಬರೂ ಲಬೀಬನ ಅಂಗಡಿಗೆ ಹೋದರು. ಮೂರು ಮಾತು ಬೈಗುಳ, ಎರಡು ಅಪ್ಪುಗೆ, ಒಂದು ತೀರ್ಮಾನ. ಸೋಮವಾರ ಮತ್ತೆ ಸೋಮವಾರ.

*

“ಹೈಸಮನ ತಾಯೀ!” ಎಂದು ಬಯೂಮಿ ಮೆಟ್ಟಿಲಿನಿಂದಲೇ ಕೂಗುತ್ತ ಬಂದ. “ಮುಗೀತು ಗಲಾಟೆ. ಸೋಮವಾರ ಎಲ್ರೂ ಮೇಲೆ ಬರ್ತಾರೆ. ಲಬೀಬ್ ಕೇಳಿದಾನೆ, ಎಲೆಕೋಸು ಜಾಸ್ತಿ ಮಾಡ್ಸು, ನಾಲ್ಕು ವಾರದ ಬಾಕಿ ಇದೆ ಅಂತ.”

ಹಿಕ್ಮತ್ ಬೇಳೆಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು. ಚುಂಯ್ ಎಂದ ಸದ್ದು ಆರಲು ಬಿಟ್ಟು, “ಆಗಲ್ಲ,” ಎಂದಳು.

“ಏನಾಗಲ್ಲ? ಎಲೆಕೋಸು ಸಿಗಲ್ವಾ?”

“ಎಲೆಕೋಸು ಸಿಗುತ್ತೆ. ನಾನು ಸಿಗಲ್ಲ. ಸೋಮವಾರ ನಂದು.”

ಬಯೂಮಿ ಕುರ್ಚಿ ಎಳೆದು ಕೂತ. “ಇದೊಳ್ಳೆ ಕತೆಯಾಯ್ತು. ವಾರಕ್ಕೆ ಆರು ದಿನ ನಿಂತು ನಿಂತು ಕಾಲು ಊದ್ಕೊಳ್ಳೋದು ನಂದು. ನಂಗೊಂದು ದಿನ ರಜೆ ಬೇಡ್ವಾ?”

“ಬೇಕು. ನಂಗೆ ಯಾವ ದಿನ?”

“ನಿಂಗಾ?” ಬಯೂಮಿ ನಿಜಕ್ಕೂ ಯೋಚಿಸಿದ. ಯೋಚಿಸಿ, ಹೇಳಬಾರದ್ದನ್ನು ಹೇಳಿಬಿಟ್ಟ. “ಮನೇಲೇ ಇರೋರಿಗೆ ಎಲ್ಲಾ ದಿನಾನೂ ರಜೆನೇ ಅಲ್ವಾ?”

ಹೈಸಮ್ ತಟ್ಟೆಯಿಂದ ತಲೆ ಎತ್ತಲಿಲ್ಲ. ತಫೀದಾ ಊರುಗೋಲನ್ನು ಮಡಿಲಿಗೆ ಎಳೆದುಕೊಂಡಳು.

ಹಿಕ್ಮತ್ ಒಲೆ ಆರಿಸಿದಳು. ಕೈ ಒರೆಸಿಕೊಂಡು ಬಂದು ಗಂಡನ ಎದುರು ಕೂತಳು. “ಇಪ್ಪತ್ಮೂರು ವರ್ಷ ನಿಮ್ಮ ಸೋಮವಾರಾನ ನಾನು ಬೇಯಿಸಿದೀನಿ, ನಾನು ಗುಡಿಸಿದೀನಿ, ನಾನು ಒಗೆದಿದೀನಿ. ಬದ್ರಿಯಾ ಆ ಸಾಲನ್ನ ಒಂಬತ್ತು ಸಲ ಹಾಡ್ತಾಳೆ, ಗೊತ್ತು ನಂಗೆ. ಒಂಬತ್ತೂ ಸಲ ಕೇಳಿದ್ದು ಅಡಿಗೆಮನೇಲಿ ನಿಂತ್ಕೊಂಡೇ. ಏಳನೇ ಸಲ ಅವಳ ದನಿ ಒಡೆಯುತ್ತಲ್ಲ, ಅಲ್ಲಿಗೆ ಸರಿಯಾಗಿ ನಿಮ್ಮ ನಾಲ್ಕನೇ ಚಹಾ ಕುದಿಯುತ್ತೆ. ಈ ಮೂರು ವಾರ ಕೂತು ಕೇಳಿದೆ. ಇನ್ನು ನಿಂತು ಕೇಳಲ್ಲ.”

ಮಾತಿನಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ಬಯೂಮಿ ಮಾಡಿದ. ಮೇಜು ಗುದ್ದಿದ. “ಆಯ್ತು. ಸೋಮವಾರ ನೀನಿಟ್ಕೋ. ಮಷೀನು ನಂದು. ಕೆಳಗೆ ಅಂಗಡಿಗೆ ತಗೊಂಡು ಹೋಗ್ತೀನಿ. ಅಲ್ಲೇ ಕೇಳ್ತೀವಿ.”

“ಮಷೀನು ಯಾರದು?” ಎಂದಳು ಹಿಕ್ಮತ್.

“ನಂದು. ಇನ್ಯಾರದು?”

“ಪಟ್ಟೀಲಿ ನೋಡೋಣ್ವಾ?”

ಮದುವೆಯ ದಿನ ಗಂಡು ರುಜು ಹಾಕಿಕೊಡುವ ಸಾಮಾನಿನ ಪಟ್ಟಿ ಅದು. ಹಾಸಿಗೆ, ಹಂಡೆ, ಚಮಚದ ತನಕ ಅದರಲ್ಲಿ ಬರೆದದ್ದೆಲ್ಲ ಹೆಂಡತಿಯ ಸೊತ್ತು. ಹೆಣ್ಣಿನ ತವರಿನವರು ಅದನ್ನು ಬೀರುವಿನ ತಳದಲ್ಲಿಟ್ಟು ಬೀಗ ಹಾಕುತ್ತಾರೆ. ಮನೆ ಮುರಿಯುವ ದಿನ ಬಿಟ್ಟರೆ ಬೇರೆ ದಿನ ಅದರ ಹೆಸರೆತ್ತುವವರಿಲ್ಲ.

“ಅಮ್ಮ!” ಎಂದ ಹೈಸಮ್.

“ಪಟ್ಟಿ ಅಂದ್ಯಾ?” ಎಂದ ಬಯೂಮಿ. ಅವನ ಮುಖದ ಬಣ್ಣ ಇಳಿದಿತ್ತು. “ಒಂದು ಟೇಪ್ ರೆಕಾರ್ಡರಿಗೆ ಮನೆ ಒಡೀತೀಯಾ?”

“ಮನೆ ಒಡೆಯೋಳು ಇಷ್ಟು ಹೊತ್ತಿಗೆ ಬೇಳೆಸಾರಿಗೆ ಒಗ್ಗರಣೆ ಕೊಡ್ತಿರಲಿಲ್ಲ,” ಎಂದಳು ಹಿಕ್ಮತ್. “ನಾನು ಎಲ್ಲಿಗೂ ಹೋಗಲ್ಲ. ನೀವು ‘ನಂದು’ ಅಂದ್ರಿ. ಅದು ಯಾರದು ಅಂತ ತಿಳ್ಕೊಳ್ಳೋಣ, ಅಷ್ಟೇ.”

ಎದ್ದು ಹೋಗಿ ಟೆಲಿಫೋನಿನ ಮುಂದೆ ನಿಂತಳು. ಪೋರ್ಟ್ ಸೈದ್‌ಗೆ ಲೈನು ಸಿಗುವ ತನಕ ಯಾರೂ ರೊಟ್ಟಿ ಮುರಿಯಲಿಲ್ಲ. ಅಣ್ಣ ಜಕರಿಯಾನ ದನಿ ದೊಡ್ಡದು. ಫೋನು ಅವಳ ಕಿವಿಯಲ್ಲಿದ್ದರೂ ಮಾತು ಊಟದ ಮೇಜಿನ ತನಕ ಬರುತ್ತಿತ್ತು.

“ಪಟ್ಟೀನಾ? ಯಾಕೆ ಪಟ್ಟಿ? ಏನು ಮಾಡಿದ ಅವನು? ನಾನು ಈಗ್ಲೇ ಗಾಡಿ ಹತ್ತಿ ಬರ್ತೀನಿ!”

“ಏನೂ ಮಾಡಿಲ್ಲ ಅಣ್ಣ. ಓದು ಸಾಕು. ಬರೋದಾದ್ರೆ ಮೀನು ತಗೊಂಡು ಬಾ.”

ಬೀರು ತೆಗೆದ ಸದ್ದು, ಕಾಗದ ಬಿಚ್ಚಿದ ಸದ್ದು, ಜಕರಿಯಾನ ಕೆಮ್ಮು. “ಮಂಚ ಒಂದು... ಹತ್ತಿ ಹಾಸಿಗೆ ಎರಡು... ತಾಮ್ರದ ಹಂಡೆ... ಚೀನಾ ಬಟ್ಟಲು ಹನ್ನೆರಡು... ಹದಿನೇಳನೇದು, ಟೇಪ್ ರೆಕಾರ್ಡರ್, ದೊಡ್ಡದು, ಎರಡು ಸ್ಪೀಕರಿನದು, ಒಂದು. ನಾನೇ ತಂದಿದ್ದು ಕಣೇ, ಇಲ್ಲಿ ಸುಂಕ ಇಲ್ಲದೆ ಸಿಗ್ತಿದ್ದ ಕಾಲ.”

“ಕೆಳಗೆ ಯಾರ ರುಜು?”

“ಬಯೂಮೀದು. ಬಾಲ ಬಿಟ್ಟು ಚೆಂದಕ್ಕೆ ಹಾಕಿದಾನೆ.”

“ಆ ಪಟ್ಟಿ ಬರೆಯೋವಾಗ ನಾನೂ ಕೂತಿದ್ದೆ,” ಎಂದಳು ತಫೀದಾ, ಯಾರೂ ಕೇಳದೆ. “ಹದಿನೇಳನೇದಕ್ಕೆ ಇವನು ಹಲ್ಲು ಕಿರಿದು ನಕ್ಕಿದ್ದ. ಹದಿನಾರನೇದು ಹೊಲಿಗೆ ಮಷೀನು. ಅದು ಓದ್ವಾಗ ಆಕಳಿಸ್ತಿದ್ದ.”

“ಅಮ್ಮ, ನೀನು ಯಾರ ಕಡೆ?” ಎಂದ ಬಯೂಮಿ.

“ಆ? ಕೇಳಿಸ್ಲಿಲ್ಲ,” ಎಂದಳು ತಫೀದಾ.

*

ಎರಡು ದಿನ ಬಯೂಮಿ ಮನೆಯಲ್ಲಿ ಮಾತಾಡಲಿಲ್ಲ. ಮಧ್ಯಾಹ್ನದ ಊಟವನ್ನು ಹೈಸಮ್ ಡಬ್ಬಿಯಲ್ಲಿ ಕೆಳಗೆ ಒಯ್ಯುತ್ತಿದ್ದ. ಡಬ್ಬಿ ಮಾತ್ರ ಖಾಲಿಯಾಗೇ ವಾಪಸ್ ಬರುತ್ತಿತ್ತು. ಹಿಕ್ಮತ್ ಎಂದಿನಂತೆ ಅವನ ಅಂಗಿಗೆ ಗುಂಡಿ ಹಾಕಿದಳು, ಎಂದಿನಂತೆ ತರಕಾರಿಯವನ ಹತ್ತಿರ ಜಗಳ ಕಾದಳು, ಟೇಪ್ ರೆಕಾರ್ಡರನ್ನು ಬಾಲ್ಕನಿಯ ಸ್ಟೂಲಿನ ಮೇಲೆಯೇ ಬಿಟ್ಟು ಮೇಲೊಂದು ಬಟ್ಟೆ ಹೊದಿಸಿದಳು.

ಶನಿವಾರ ರಾತ್ರಿಯೂಟಕ್ಕೆ ಬಯೂಮಿ ಮೇಜಿಗೆ ಬಂದು ಕೂತ. ಎರಡು ತುತ್ತಾದ ಮೇಲೆ ಮಗನ ಕಡೆ ನೋಡಿ, “ನಿಮ್ಮಮ್ಮನ್ನ ಕೇಳು,” ಎಂದ.

“ನಾನು ಇಲ್ಲೇ ಇದೀನಿ,” ಎಂದಳು ಹಿಕ್ಮತ್.

“ಮಷೀನು ಬಾಲ್ಕನೀಲೇ ಇದ್ರೆ, ನಾವು ಕೆಳಗೆ ಅಂಗಡೀಲಿ ಕೂತ್ರೆ, ಹಾಡು ಕೇಳ್ಸುತ್ತಾ ಅಂತ ಕೇಳು.”

“ಇಸ್ತ್ರಿಯವನಿಗೆ ಕೇಳ್ಸುತ್ತೆ. ನಿಮಗ್ಯಾಕೆ ಕೇಳ್ಸಲ್ಲ?”

“ಯಾರ ಹಾಡು ಮೊದ್ಲು?”

“ನಂದು. ಒಂದು ಗಂಟೆ. ಆಮೇಲೆ ನಿಮ್ಮ ಬದ್ರಿಯಾನ ನಾನೇ ಹಾಕ್ತೀನಿ. ನಂಗೂ ಅವಳು ಬೇಕು.”

“ಅರ್ಧ ಗಂಟೆ.”

“ಒಂದು ಗಂಟೆ.”

“ಮುಕ್ಕಾಲು?”

“ಅಪ್ಪ, ಇದು ತರಕಾರಿ ಗಾಡಿ ಅಲ್ಲ,” ಎಂದ ಹೈಸಮ್. “ಚಹಾ ನಾನು ಮಾಡ್ತೀನಿ ಕೆಳಗೆ. ಸ್ಟೌ ಇದೆಯಲ್ಲ. ಕೂದಲು ಗುಡಿಸೋದೂ ನನ್ನ ಕೆಲಸಾನೇ, ಹೇಗೂ ಅಂಗಡಿ.”

“ಊಟ?” ಎಂದ ಬಯೂಮಿ. ಮಾತು ಮೆತ್ತಗಾಗಿತ್ತು. “ಲಬೀಬ್‌ಗೆ ಎಲೆಕೋಸು...”

“ಲಬೀಬಣ್ಣನಿಗೆ ಎರಡು ಕೈ ಇದೆ. ಹತ್ತು ಬೆರಳಿದೆ. ಅಷ್ಟು ಸಣ್ಣ ಮೀಸೆ ಕತ್ತರಿಸೋನಿಗೆ ಎಲೆ ಸುತ್ತೋದು ಕಷ್ಟಾನಾ? ಬೇಕಾದ್ರೆ ಒಂದಿನ ಬರಲಿ, ಕಲಿಸ್ತೀನಿ. ಸೋಮವಾರ ಅಲ್ಲ.”

ಬಯೂಮಿ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿಂದ. ನೀರು ಕುಡಿದ. ಎದ್ದು ತಟ್ಟೆಯನ್ನು ತಾನೇ ತೊಳೆಯುವ ತೊಟ್ಟಿಯ ಬಳಿ ಒಯ್ದಿಟ್ಟ. ತೊಳೆಯಲಿಲ್ಲ. ಆದರೂ ತಫೀದಾ ಕನ್ನಡಕ ಸರಿಮಾಡಿಕೊಂಡು ನೋಡಿದಳು.

*

ಸೋಮವಾರ ಬೆಳಿಗ್ಗೆ ಶುಬ್ರಾದ ಕ್ಷೌರದಂಗಡಿಗಳೆಲ್ಲ ಮುಚ್ಚಿದ್ದವು. ಬಯೂಮಿಯ ಅಂಗಡಿಯ ಕಬ್ಬಿಣದ ಬಾಗಿಲನ್ನು ಮಾತ್ರ ಮೊಣಕಾಲೆತ್ತರಕ್ಕೆ ಎಳೆದು ಬಿಟ್ಟಿದ್ದರು. ಅದರ ಕೆಳಗಿಂದ ಮೂರು ಜೊತೆ ಚಪ್ಪಲಿ, ಒಂದು ಪೊರಕೆಯ ತುದಿ ಕಾಣುತ್ತಿತ್ತು. ಒಳಗೆ ಲಬೀಬನ ತಲೆಯ ಹಿಂಬದಿಯ ರಿಪೇರಿ ನಡೆದಿತ್ತು.

“ಯಾರಪ್ಪ ಮಾಡಿದ್ದು ಈ ಕೆಲಸ?” ಎಂದು ಜೆನ್ಹುಮ್ ಕೇಳುತ್ತಿದ್ದ. “ಅವನ ಹೆಸರು ಹೇಳು, ಲೈಸೆನ್ಸ್ ಕಿತ್ಕೊಳ್ತೀನಿ.”

“ಬಾಯಿ ಮುಚ್ಕೊಂಡು ಕತ್ತರಿಸು. ಎಲ್ಲೋ ನನ್ನ ಎಲೆಕೋಸು?”

“ಹೋಟ್ಲಿಂದ ಅನ್ನ-ಬೇಳೆ ಕೊಶಾರಿ ತರ್ಸಿದೀನಿ ಉಸ್ತಾ,” ಎಂದ ಹೈಸಮ್, “ಖಾರ ಜಾಸ್ತಿ.”

ಮೇಲೆ ಹಿಕ್ಮತ್ ಹೂವಿನ ಗೌನು ತೊಟ್ಟು, ಕೂದಲು ಬಾಚಿ, ಕುರ್ಚಿಯಲ್ಲಿ ಕೂತಿದ್ದಳು. ಪಾದಗಳು ನೀರಿನಲ್ಲಿ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತ, “ಏನೇ ಹಿಕ್ಮತ್, ಹಬ್ಬವಾ?” ಎಂದಳು. “ರಜೆ,” ಎಂದಳು ಹಿಕ್ಮತ್, ಇಡೀ ಗಲ್ಲಿಗೆ ಕೇಳುವಂತೆ. ತಫೀದಾ ಬಾಯಿಗೆ ಖರ್ಜೂರ ಹಾಕಿಕೊಂಡು ಊರುಗೋಲು ಸಿದ್ಧ ಮಾಡಿಕೊಂಡಳು. ಹಿಕ್ಮತ್ ಗುಂಡಿ ಒತ್ತಿದಳು.

ತಂತಿ ಓಡತೊಡಗಿತು. ಚಪ್ಪಾಳೆ ಎದ್ದಿತು. ಪೋರ್ಟ್ ಸೈದ್‌ನ ಗಂಡಸರು ಸಾಲನ್ನು ಎಸೆದರು, ಹಿಡಿದರು. ಮೊದಲ ಹಾಡಿಗೆ ಕೆಳಗಿನಿಂದ ಏನೂ ಸದ್ದಿಲ್ಲ. ಎರಡನೆಯದಕ್ಕೆ ಜೆನ್ಹುಮ್ ಏನೋ ಅಂದ, ಯಾರೋ ‘ಶ್’ ಎಂದರು. ಮೂರನೆಯದು ನಿಧಾನದ್ದು. ಹಡಗು ಹೊರಟ ಮೇಲೆ ದಡದಲ್ಲಿ ಉಳಿದವರ ಹಾಡು. ಅದರಲ್ಲಿ ಹಾಡುಗಾರ ಒಂದು ಸಾಲನ್ನು ನಾಲ್ಕು ಸಲ ಹಿಂದಕ್ಕೆ ಕರೆದು, ಐದನೆಯ ಸಲ ಚಪ್ಪಾಳೆಯವರನ್ನೆಲ್ಲ ಸುಮ್ಮನಾಗಿಸಿ ಒಬ್ಬನೇ ಹಾಡುತ್ತಾನೆ. ಅಲ್ಲಿ ಕೆಳಗಿನ ಕತ್ತರಿಯ ಸದ್ದು ನಿಂತಿತು. ಸಾಲು ಮುಗಿಯುವ ತನಕ ಮತ್ತೆ ಶುರುವಾಗಲಿಲ್ಲ.

ನಾಲ್ಕನೆಯದು ಮೊದಲಾಗುವಷ್ಟರಲ್ಲಿ ಬಾಗಿಲ ಕೆಳಗಿನಿಂದ ದನಿ ಬಂತು.

“ಹೈಸಮನ ತಾಯೀ!”

“ಏನು?”

“ಆ ಮೂರನೇದು ಇದೆಯಲ್ಲ. ಅದನ್ನ ಇನ್ನೊಂದ್ಸಲ ಹಾಕ್ತೀಯಾ? ಲಬೀಬ್ ಕೇಳ್ತಿದಾನೆ.”

“ನಾನ್ಯಾವಾಗ ಕೇಳ್ದೆ?” ಎಂದಿತು ಇನ್ನೊಂದು ದನಿ.

ಹಿಕ್ಮತ್ ಕಟಕಟೆಯ ಮೇಲಿಂದ ಬಗ್ಗಿದಳು. “ಲಬೀಬಣ್ಣನಿಗಾ, ನಿಮಗಾ?”

ಕೆಳಗೆ ಕತ್ತರಿ ಎರಡು ಸಲ ಚಿಕಿಚಿಕಿ ಎಂದಿತು.

“ನಂಗೇ,” ಎಂದ ಬಯೂಮಿ.

ಹಿಕ್ಮತ್ ಟೇಪನ್ನು ಹಿಂದಕ್ಕೆ ಓಡಿಸಿದಳು. ಅದು ಗಿರ್ರನೆ ಸುತ್ತಿ ಟಕ್ಕೆಂದು ನಿಂತಿತು. ಕೆಳಗೆ ಅಂಗಡಿಯ ಕಬ್ಬಿಣದ ಬಾಗಿಲು ಕಿರ್ರೆಂದು ಇನ್ನೊಂದು ಗೇಣು ಮೇಲೆ ಸರಿಯಿತು.